‘ಇಲ್ಲೇ ತಯಾರಾದದ್ದು’ ಎಂದು ಲೇಬಲ್ಲಿಗೆ ಹಾಕುವ ಮುನ್ನ: ಯಾವ ಮಾತಿಗೆ ಯಾವ ಅಳತೆ

‘ಇಲ್ಲಿಯ ಉತ್ಪನ್ನ’, ‘ಇಲ್ಲಿ ತಯಾರಿಸಿದ್ದು’, ‘ಆಮದು ಬಿಡಿಭಾಗ ಬಳಸಿ ಇಲ್ಲಿ ತಯಾರಿಸಿದ್ದು’, ‘ಇಲ್ಲಿ ಜೋಡಿಸಿದ್ದು’, ‘ಇಲ್ಲಿ ವಿನ್ಯಾಸ ಮಾಡಿದ್ದು’. ಸರಕಿನ ಮೂಲ ಹೇಳಲು ತಯಾರಕರ ಕೈಯಲ್ಲಿರುವ ಮಾತುಗಳು ಹೆಚ್ಚುಕಡಿಮೆ ಇಷ್ಟೇ. ಕೇಳಲು ಒಂದೇ ಥರ ಅನ್ನಿಸಿದರೂ ಪ್ರತಿಯೊಂದಕ್ಕೂ ಬೇರೆ ಅಳತೆಗೋಲಿದೆ. ಒಂದು ದೇಶದಲ್ಲಿ ಸಲ್ಲುವ ಮಾತು ಇನ್ನೊಂದು ದೇಶದಲ್ಲಿ ಸುಳ್ಳು ಎನಿಸಿಕೊಳ್ಳಬಹುದು. ಬೇಕೆಂದೇ ಮೋಸ ಮಾಡುವವರ ವಿಷಯ ಬಿಡಿ. ಪ್ರಾಮಾಣಿಕರೂ ಎಡವುವುದು ಒಂದೇ ಜಾಗದಲ್ಲಿ: ಮಾತನ್ನು ಮೊದಲು ಆರಿಸಿ, ಪೆಟ್ಟಿಗೆ ಮುದ್ರಿಸಿ, ಲೆಕ್ಕವನ್ನು ನೋಟಿಸು ಬಂದ ಮೇಲೆ ಮಾಡುತ್ತಾರೆ. ಲೆಕ್ಕ ಮೊದಲು ಆಗಬೇಕು, ಆ ಲೆಕ್ಕಕ್ಕೆ ತಾಳುವ ಮಾತನ್ನು ಆಮೇಲೆ ಹುಡುಕಬೇಕು.

ಲೆಕ್ಕ ಎಷ್ಟು ಆಳಕ್ಕೆ ಇಳಿಯಬೇಕು

ಒಂದು ಟೇಬಲ್ ಫ್ಯಾನ್ ತೆಗೆದುಕೊಳ್ಳೋಣ. ತಯಾರಿಕೆಯ ನೇರ ವೆಚ್ಚ 100 ಎಂದಿರಲಿ. ಅದರಲ್ಲಿ ಮೋಟಾರಿಗೆ 38, ರೆಕ್ಕೆ ಮತ್ತು ಜಾಲರಿಗೆ 17, ಪೀಠ ಮತ್ತು ಸ್ವಿಚ್ಚಿಗೆ 12, ವೈರು ಮತ್ತು ಪ್ಲಗ್ಗಿಗೆ 6, ಕೂಲಿಗೆ 15, ಕಾರ್ಖಾನೆಯ ನೇರ ಓವರ್‌ಹೆಡ್‌ಗೆ 12. ಮೋಟಾರನ್ನು ದೇಶದೊಳಗಿನ ಸಪ್ಲೈಯರ್ ಕೊಡುತ್ತಾರೆ. ರೆಕ್ಕೆಯ ಮೋಲ್ಡಿಂಗ್ ಸ್ವಂತ ಯಂತ್ರದಲ್ಲೇ ಆಗುತ್ತದೆ. ಸ್ವಿಚ್ಚು ಮಾತ್ರ ಹೊರದೇಶದ್ದು, ಅದರ ಬೆಲೆ 4.

ಖರೀದಿ ಬಿಲ್ಲುಗಳನ್ನಷ್ಟೇ ನೋಡಿದರೆ ಆಮದು 4, ದೇಶೀಯ ಪಾಲು ಶೇ. 96. ಒಂದು ಮೆಟ್ಟಿಲು ಇಳಿದು ರೆಕ್ಕೆಯ ಕಚ್ಚಾ ಸಾಮಗ್ರಿ ನೋಡಿದರೆ, 5ರಷ್ಟು ಬೆಲೆಯ ಪ್ಲಾಸ್ಟಿಕ್ ಹರಳು ಹೊರಗಿನಿಂದ ಬಂದಿದೆ. ದೇಶೀಯ ಪಾಲು ಶೇ. 91ಕ್ಕೆ ಇಳಿಯಿತು. ಮೋಟಾರು ಕೊಟ್ಟವರನ್ನು ವಿಚಾರಿಸಿದರೆ ಅದರೊಳಗಿನ ಬೇರಿಂಗ್, ತಾಮ್ರದ ತಂತಿ, ಕಬ್ಬಿಣದ ಕೋರ್ ಪಟ್ಟಿಗಳು ಸೇರಿ 20ರಷ್ಟು ಆಮದು ಎನ್ನುತ್ತಾರೆ. ಈಗ ಉಳಿದದ್ದು ಶೇ. 71.

ಒಂದೇ ಫ್ಯಾನು, ಮೂರು ಸಂಖ್ಯೆ. ಮೂರರ ಕೂಡು-ಕಳೆಯೂ ಸರಿಯಾಗಿದೆ. ಆದರೆ ಲೇಬಲ್ಲಿಗೆ ಆಧಾರವಾಗಬೇಕಾದದ್ದು ಕೊನೆಯದು. ಫ್ಯಾನಿಗೆ ಮೋಟಾರೇ ಜೀವ, ವೆಚ್ಚದಲ್ಲೂ ಅದರದೇ ದೊಡ್ಡ ಪಾಲು. ಅದರ ಹೊಟ್ಟೆಯೊಳಗೆ ಏನಿದೆ ಎಂದು ನೋಡದೆ ‘ದೇಶೀಯ’ ಎಂದು ಬರೆದುಕೊಂಡರೆ ಕೊಳ್ಳುವವರಿಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಪ್ಲಾಸ್ಟಿಕ್ ಹರಳಿನ ವಿಷಯ ಸ್ವಲ್ಪ ಸಡಿಲ: ಅದು ಸಿದ್ಧ ಸರಕಿನಿಂದ ದೂರದ ಹಂತ, ಕರಗಿ ಬೇರೆಯೇ ರೂಪ ತಾಳುತ್ತದೆ. ವ್ಯಾಪಾರದಲ್ಲಿ ಮೋಸ ತಡೆಯುವ ಅಮೆರಿಕದ ಆಯೋಗವಾದ ಫೆಡರಲ್ ಟ್ರೇಡ್ ಕಮಿಷನ್ ಇದೇ ವ್ಯತ್ಯಾಸವನ್ನು ಚಿನ್ನದ ಉಂಗುರ ಮತ್ತು ಗಡಿಯಾರದ ರೇಡಿಯೊ ಇಟ್ಟು ತೋರಿಸುತ್ತದೆ. ರೇಡಿಯೊ ಪೆಟ್ಟಿಗೆಯ ಪ್ಲಾಸ್ಟಿಕ್ ಆಮದು ಪೆಟ್ರೋಲಿಯಂನಿಂದ ಬಂದಿದ್ದರೆ ಅದು ಲೆಕ್ಕಕ್ಕೆ ಬಾರದಷ್ಟು ದೂರ. ಉಂಗುರದ ಚಿನ್ನ ಆಮದಾಗಿದ್ದರೆ ಉಂಗುರದ ಬೆಲೆಯೇ ಅದರಲ್ಲಿದೆ, ಹಾಗಾಗಿ ಮುಚ್ಚಿಡುವಂತಿಲ್ಲ.

ಎಷ್ಟು ಆಳ ಎಂಬುದಕ್ಕೆ ನಮ್ಮ ಸಲಹೆ ಹೀಗಿದೆ: ನೇರ ವೆಚ್ಚದಲ್ಲಿ ಶೇ. 10 ದಾಟುವ ಪ್ರತಿಯೊಂದು ಬಿಡಿಭಾಗದ ಒಳವಿವರವನ್ನು ಸಪ್ಲೈಯರ್‌ನಿಂದ ಕೇಳಿ. ಸರಕು ಕೆಲಸ ಮಾಡುವುದೇ ಯಾವ ಭಾಗದಿಂದಲೋ, ಅದು ಶೇ. 3 ಇದ್ದರೂ ಕೇಳಿ. ಉಳಿದ ಚಿಲ್ಲರೆ ಭಾಗಗಳಿಗೆ ಖರೀದಿ ಬಿಲ್ಲಿನ ಮಟ್ಟ ಸಾಕು.

ಲೆಕ್ಕ ಕೆಡುವ ಜಾಗಗಳು ಬಹುತೇಕ ಇವೇ. ದೇಶೀಯ ವ್ಯಾಪಾರಿಯ ಬಿಲ್ಲು ಇದೆ ಎಂದ ಮಾತ್ರಕ್ಕೆ ಬಿಡಿಭಾಗ ದೇಶೀಯವಾಗುವುದಿಲ್ಲ; ಆತ ಕಂಟೇನರಿನಲ್ಲಿ ತರಿಸಿ ಮಾರಿರಬಹುದು. ಆಮದು ಭಾಗದ ಮೇಲೆ ಕಟ್ಟಿದ ಕಸ್ಟಮ್ಸ್ ಸುಂಕ ಮತ್ತು ಹಡಗಿನ ಸಾಗಣೆಯನ್ನು ಕೆಲವರು ದೇಶೀಯ ವೆಚ್ಚದ ಕಡೆಗೆ ತಳ್ಳುತ್ತಾರೆ. ಅದು ಆಮದಿನ ಜೊತೆಗೇ ಹೋಗಬೇಕು. ಜಾಹೀರಾತಿನ ಖರ್ಚು, ಲಾಭ, ಅಂಗಡಿಯವರ ಕಮಿಷನ್ ತಯಾರಿಕೆಯ ವೆಚ್ಚವಲ್ಲ. ಇನ್ನು ವಿನಿಮಯ ದರ: ದೇಶೀಯ 52, ಆಮದು 48 ಇರುವ ಸರಕಿನಲ್ಲಿ ಆಮದು ಶೇ. 10ರಷ್ಟು ದುಬಾರಿಯಾದರೆ ಆಮದು 52.8, ಒಟ್ಟು 104.8 ಆಗುತ್ತದೆ. ದೇಶೀಯ ಪಾಲು ಶೇ. 49.6ಕ್ಕೆ ಕುಸಿಯುತ್ತದೆ. ಕಾರ್ಖಾನೆಯಲ್ಲಿ ಒಂದು ಸ್ಕ್ರೂ ಕೂಡ ಬದಲಾಗಿಲ್ಲ, ಆದರೂ ಅರ್ಧಕ್ಕಿಂತ ಹೆಚ್ಚು ಎಂದು ಬರೆದ ಮಾತು ಸುಳ್ಳಾಯಿತು. ಮಿತಿಯ ಅಂಚಿನಲ್ಲಿ ನಿಂತು ಲೇಬಲ್ ಬರೆಯಬಾರದು ಎನ್ನುವುದು ಇದಕ್ಕೇ.

ಅದೇ ಫ್ಯಾನು, ಬೇರೆಬೇರೆ ಕಾನೂನು

ಈ ಶೇ. 71ರ ಫ್ಯಾನು ಆಯಾ ದೇಶದಲ್ಲೇ ತಯಾರಾಗಿದೆ ಎಂದುಕೊಂಡು ನೋಡೋಣ.

ಅತ್ಯಂತ ಬಿಗಿ ಇರುವುದು ಅಮೆರಿಕದಲ್ಲಿ. ಯಾವ ವಿವರಣೆಯೂ ಇಲ್ಲದ ‘ಮೇಡ್ ಇನ್ ಯುಎಸ್‌ಎ’ ಲೇಬಲ್ಲಿಗೆ 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ನಿಯಮ ಮೂರು ಷರತ್ತು ಹಾಕುತ್ತದೆ: ಕೊನೆಯ ಜೋಡಣೆ ಅಲ್ಲೇ ಆಗಿರಬೇಕು, ಮುಖ್ಯ ಸಂಸ್ಕರಣೆಯೆಲ್ಲ ಅಲ್ಲೇ ಆಗಿರಬೇಕು, ಬಿಡಿಭಾಗಗಳು ‘ಎಲ್ಲವೂ ಅಥವಾ ಹೆಚ್ಚುಕಡಿಮೆ ಎಲ್ಲವೂ’ ಅಲ್ಲಿಯವೇ ಆಗಿರಬೇಕು. ಇದಕ್ಕೆ ಶೇಕಡಾ ಗೆರೆ ಇಲ್ಲ. ಆ ಆಯೋಗದ್ದೇ ಒಂದು ಉದಾಹರಣೆಯಲ್ಲಿ, ದೇಶೀಯ ಹಿತ್ತಾಳೆ ಮತ್ತು ದೇಶೀಯ ಶೇಡ್ ಇರುವ ಟೇಬಲ್ ದೀಪಕ್ಕೆ ಆಮದು ಪೀಠ ಹಾಕಿದ್ದಾರೆ. ಪೀಠದ ಬೆಲೆ ಸಣ್ಣದು, ಆದರೂ ಆ ಮಾತು ಸಲ್ಲದು, ಏಕೆಂದರೆ ಪೀಠವಿಲ್ಲದೆ ಟೇಬಲ್ ದೀಪವೇ ಇಲ್ಲ. ನಮ್ಮ ಫ್ಯಾನು ಇಲ್ಲಿ ಬರಿಯ ‘ಮೇಡ್ ಇನ್’ ಹಾಕಿಕೊಳ್ಳುವಂತಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನು 2016ರಿಂದ ಸಂಖ್ಯೆಯಲ್ಲೇ ಮಾತಾಡುತ್ತದೆ: ಸಗಟು ಮೌಲ್ಯದ ಶೇ. 5ರವರೆಗೆ ಆಮದು ಭಾಗ ಇರಬಹುದು, ದೇಶದೊಳಗೆ ಸಿಗದೇ ಇರುವ ಭಾಗವಾದರೆ ಶೇ. 10ರವರೆಗೆ.

ಕೆನಡಾ ಎರಡು ಮೆಟ್ಟಿಲು ಮಾಡಿದೆ, ಓದಲು ಅತ್ಯಂತ ಸ್ಪಷ್ಟವಾದ ಪದ್ಧತಿ ಇದೇ ಎಂದು ನಮಗನ್ನಿಸುತ್ತದೆ. ಆಹಾರವಲ್ಲದ ಸರಕುಗಳಿಗೆ ಅಲ್ಲಿನ ಕಾಂಪಿಟಿಷನ್ ಬ್ಯೂರೋದ ಮಾರ್ಗಸೂಚಿ 2010ರ ಜುಲೈಯಿಂದ ಬಳಕೆಯಲ್ಲಿದೆ. ‘ಪ್ರಾಡಕ್ಟ್ ಆಫ್ ಕೆನಡಾ’ ಎನ್ನಲು ನೇರ ವೆಚ್ಚದ ಶೇ. 98 ಅಲ್ಲಿಯದೇ ಇರಬೇಕು. ‘ಮೇಡ್ ಇನ್ ಕೆನಡಾ’ ಎನ್ನಲು ಶೇ. 51 ಸಾಕು, ಆದರೆ ಪಕ್ಕದಲ್ಲೇ ‘ಆಮದು ಬಿಡಿಭಾಗಗಳೊಂದಿಗೆ’ ಎಂಬಂಥ ವಿವರಣೆ ಇರಬೇಕು. ಎರಡಕ್ಕೂ ಕೊನೆಯ ಗಣನೀಯ ರೂಪಾಂತರ, ಅಂದರೆ ಸಾಮಗ್ರಿ ಹೊಸ ಸರಕಾಗಿ ಬದಲಾಗುವ ಕೊನೆಯ ದೊಡ್ಡ ಹಂತ, ಅಲ್ಲೇ ಆಗಿರಬೇಕು. ಫ್ಯಾನು ಎರಡನೆಯದನ್ನು ಸಲೀಸಾಗಿ ದಾಟುತ್ತದೆ. ಆಳಕ್ಕೆ ಇಳಿಯದ ಶೇ. 96ರ ಲೆಕ್ಕ ಕೊಟ್ಟಿದ್ದರೂ ಮೊದಲನೆಯದು ಸಿಗುತ್ತಿರಲಿಲ್ಲ ಎಂಬುದನ್ನು ಗಮನಿಸಿ.

ಆಸ್ಟ್ರೇಲಿಯಾ 2017ರಲ್ಲಿ ಶೇ. 50ರ ವೆಚ್ಚದ ಪರೀಕ್ಷೆಯನ್ನು ಕೈಬಿಟ್ಟಿತು. ಈಗ ‘ಮೇಡ್ ಇನ್’ ಎನ್ನಲು ಕೇಳುವುದು ಒಂದೇ ಪ್ರಶ್ನೆ: ಆಮದಾಗಿ ಬಂದ ಸಾಮಗ್ರಿಗೂ ಹೊರಬಿದ್ದ ಸರಕಿಗೂ ಗುರುತು, ಸ್ವಭಾವ ಅಥವಾ ಮೂಲಗುಣದಲ್ಲಿ ತಳಮಟ್ಟದ ವ್ಯತ್ಯಾಸ ಇದೆಯೇ? ಇದು ಸುಲಭ ಎನ್ನಿಸಿದರೆ 2018ರ ಫೆಡರಲ್ ಕೋರ್ಟಿನ ತೀರ್ಪು ನೆನಪಿರಲಿ. ಆಮದು ಮೀನೆಣ್ಣೆ ಮತ್ತು ವಿಟಮಿನ್ ಡಿಯನ್ನು ಆಸ್ಟ್ರೇಲಿಯಾದಲ್ಲಿ ಕ್ಯಾಪ್ಸೂಲಿಗೆ ತುಂಬಿದ್ದು ರೂಪಾಂತರವಲ್ಲ ಎಂದು ಕೋರ್ಟು ಹೇಳಿತು. ಒಳಗಿರುವುದು ಮೊದಲಿದ್ದ ಎಣ್ಣೆಯೇ ತಾನೆ. ತುಂಬುವುದು, ಕತ್ತರಿಸುವುದು, ಪ್ಯಾಕ್ ಮಾಡುವುದು, ಬಣ್ಣ ಬಳಿಯುವುದು ಇವುಗಳನ್ನೇ ನೆಚ್ಚಿಕೊಂಡವರು ಈ ತೀರ್ಪನ್ನು ಎರಡು ಸಲ ಓದಬೇಕು. ಹರಳಿನಿಂದ ರೆಕ್ಕೆ ಮೂಡಿಸಿ, ಮೋಟಾರು, ಪೀಠ ಸೇರಿಸಿ ಹೊಸ ಯಂತ್ರವೇ ಆಗುವ ಫ್ಯಾನಿನ ಕಥೆ ಬೇರೆ. ಅದರ ವಾದ ಗಟ್ಟಿಯಾಗಿದೆ.

ಸ್ವಿಟ್ಜರ್‌ಲೆಂಡಿನಲ್ಲಿ 2017ರ ಜನವರಿ 1ರಿಂದ ಕೈಗಾರಿಕಾ ಸರಕಿಗೆ ತಯಾರಿಕಾ ವೆಚ್ಚದ ಶೇ. 60 ಅಲ್ಲಿ ಆಗಿರಬೇಕು, ಸರಕಿಗೆ ಮೂಲಗುಣ ಕೊಡುವ ಒಂದು ಹಂತವಾದರೂ ಅಲ್ಲಿ ನಡೆದಿರಬೇಕು. ಸಂಶೋಧನೆಯ ಖರ್ಚನ್ನೂ ಕಡ್ಡಾಯ ಗುಣಮಟ್ಟ ಪರೀಕ್ಷೆಯ ಖರ್ಚನ್ನೂ ಅಲ್ಲಿ ಸೇರಿಸಬಹುದು. ಪ್ಯಾಕಿಂಗ್, ಸಾಗಣೆ, ಮಾರ್ಕೆಟಿಂಗ್ ಸೇರಿಸುವಂತಿಲ್ಲ. ಆಹಾರಕ್ಕೆ ಅಳತೆ ಹಣವಲ್ಲ, ತೂಕ: ಕಚ್ಚಾ ಸಾಮಗ್ರಿಯ ಶೇ. 80, ಹಾಲಿಗಾದರೆ ಪೂರ್ತಿ ಶೇ. 100. ಇಟಲಿಯ 2009ರ ಕಾನೂನು ‘ನೂರಕ್ಕೆ ನೂರು’ ಎಂಬ ಮಾತಿಗೆ ಬೀಗ ಹಾಕಿದೆ. ವಿನ್ಯಾಸ, ಯೋಜನೆ, ತಯಾರಿಕೆ, ಪ್ಯಾಕಿಂಗ್ ಎಲ್ಲವೂ ಇಟಲಿಯಲ್ಲೇ ಆಗಿದ್ದರೆ ಮಾತ್ರ ಅದನ್ನು ಬಳಸಬಹುದು.

ಭಾರತದಲ್ಲಿ ಗ್ರಾಹಕರಿಗೆ ತೋರಿಸುವ ‘ಮೇಡ್ ಇನ್ ಇಂಡಿಯಾ’ ಲೇಬಲ್ಲಿಗೆ ಎಲ್ಲ ಸರಕಿಗೂ ಅನ್ವಯಿಸುವ ಒಂದೇ ಶೇಕಡಾ ಗೆರೆ ಇಲ್ಲ. ಹಾಗೆಂದು ಬಾಯಿಗೆ ಬಂದದ್ದು ಬರೆಯಬಹುದು ಎಂದಲ್ಲ. ಆಮದಾದ ಪ್ಯಾಕೆಟ್ ಸರಕಿನ ಮೇಲೆ ಮೂಲ ದೇಶ ಹೇಳುವುದು 2011ರ ಲೀಗಲ್ ಮೆಟ್ರಾಲಜಿ (ತೂಕ-ಅಳತೆ) ಪ್ಯಾಕೆಟ್ ಸರಕು ನಿಯಮಗಳ ಪ್ರಕಾರ ಕಡ್ಡಾಯ. ತಯಾರಾದ ಸ್ಥಳ ಅಥವಾ ದೇಶದ ಬಗ್ಗೆ ಸುಳ್ಳು ಹೇಳಿದರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಅದು ಸುಳ್ಳು ವ್ಯಾಪಾರ ವಿವರಣೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ. ಸಂಖ್ಯೆಗಳು ಕಾಣುವುದು ಸರ್ಕಾರಿ ಖರೀದಿಯಲ್ಲಿ. ದೇಶೀಯ ಸರಕಿಗೆ ಆದ್ಯತೆ ಕೊಡುವ 2017ರ ಆದೇಶ, ಅದರ 2020ರ ಪರಿಷ್ಕರಣೆಯಂತೆ, ಸ್ಥಳೀಯ ಅಂಶ ಶೇ. 50 ಅಥವಾ ಹೆಚ್ಚಿದ್ದವರು ಒಂದನೇ ದರ್ಜೆ, ಶೇ. 20ರಿಂದ 50ರೊಳಗಿನವರು ಎರಡನೇ ದರ್ಜೆ.

ಇಲ್ಲೊಂದು ಸೂಕ್ಷ್ಮವಿದೆ. ಆ ಖರೀದಿ ಆದೇಶದಲ್ಲಿ ಛೇದ ತಯಾರಿಕಾ ವೆಚ್ಚವಲ್ಲ, ತೆರಿಗೆ ಬಿಟ್ಟು ಸರಕಿನ ಒಟ್ಟು ಮೌಲ್ಯ. ನಮ್ಮ ಫ್ಯಾನನ್ನು 130ಕ್ಕೆ ಮಾರಿದರೆ, ಸುಂಕ ಸೇರಿ 29 ಆಮದು ಕಳೆದು 101 ಉಳಿಯುತ್ತದೆ, ಅಂದರೆ ಸುಮಾರು ಶೇ. 78. ವೆಚ್ಚದ ಲೆಕ್ಕದಲ್ಲಿ 71, ಮೌಲ್ಯದ ಲೆಕ್ಕದಲ್ಲಿ 78. ಟೆಂಡರಿಗೆ ಕೊಟ್ಟ ಸಂಖ್ಯೆಯನ್ನೇ ಪೆಟ್ಟಿಗೆಯ ಮೇಲೆ ‘ಶೇ. 78 ದೇಶೀಯ ತಯಾರಿಕೆ’ ಎಂದು ಮುದ್ರಿಸಿದರೆ ನಿಮ್ಮ ಲಾಭವನ್ನೂ ತಯಾರಿಕೆ ಎಂದು ಕರೆದಂತಾಯಿತು.

ರಫ್ತಿಗೆ ಪಡೆಯುವ ಸರ್ಟಿಫಿಕೇಟ್ ಆಫ್ ಒರಿಜಿನ್, ಅಂದರೆ ಸರಕಿನ ಮೂಲ ದೇಶದ ಪ್ರಮಾಣಪತ್ರ, ಕೂಡ ಹೀಗೆಯೇ. ಕಸ್ಟಮ್ಸ್ ಕೇಳುವುದು ಸರಕಿಗೆ ಯಾವ ಒಂದು ದೇಶವನ್ನು ಹಚ್ಚಿ ಸುಂಕ ಹಾಕಬೇಕೆಂದು. ಯುರೋಪಿಯನ್ ಒಕ್ಕೂಟದ ಕಸ್ಟಮ್ಸ್ ಸಂಹಿತೆಯ 60ನೇ ವಿಧಿ ನೋಡುವುದು ಕೊನೆಯ ಗಣನೀಯ ಸಂಸ್ಕರಣೆ ಎಲ್ಲಾಯಿತು ಎಂಬುದನ್ನು. ಹಾಗಾಗಿ ಆ ಸರ್ಟಿಫಿಕೇಟು ‘ಪೂರ್ತಿ ಇಲ್ಲಿಯದೇ’ ಎಂಬ ಜಾಹೀರಾತಿಗೆ ಪುರಾವೆ ಆಗುವುದಿಲ್ಲ.

ಹಾಗಾದರೆ ಯಾವ ಮಾತು

ಕಚ್ಚಾ ಸಾಮಗ್ರಿಯಿಂದ ಕೊನೆಯ ಹಂತದವರೆಗೆ ಎಲ್ಲ ದೇಶದೊಳಗೇ ಆಗುವ ಸರಕಿಗೆ ‘ಇಲ್ಲಿಯ ಉತ್ಪನ್ನ’ ಸಲ್ಲುತ್ತದೆ. ಮಣ್ಣು, ಮರ, ಕಲ್ಲು, ಇಲ್ಲೇ ಬೆಳೆದ ನಾರು ಇವುಗಳ ಸರಕು ಈ ಸಾಲಿಗೆ ಬರಬಹುದು. ಮೋಟಾರು, ಎಲೆಕ್ಟ್ರಾನಿಕ್ ಚಿಪ್, ಬ್ಯಾಟರಿ ಇರುವ ಸರಕಿನವರು ಈ ಮಾತಿನ ಕಡೆ ನೋಡುವ ಮೊದಲು ಸಪ್ಲೈಯರ್ ಪಟ್ಟಿಯನ್ನು ಇನ್ನೊಮ್ಮೆ ನೋಡಲಿ. ‘ನೂರಕ್ಕೆ ನೂರು’ ಎಂಬ ಅಲಂಕಾರವನ್ನಂತೂ ಬೇಡವೆಂದೇ ಹೇಳುತ್ತೇವೆ. ಒಂದು ಆಮದು ಗುಂಡಿ, ಒಂದು ಜಿಪ್ಪು ಸಿಕ್ಕರೂ ಮಾತು ಬಿದ್ದುಹೋಗುತ್ತದೆ.

ಬಹುಪಾಲು ತಯಾರಕರಿಗೆ ಒಪ್ಪುವುದು ವಿವರಣೆ ಸಮೇತ ‘ತಯಾರಿಸಿದ್ದು’. ಇದನ್ನು ಹಿನ್ನಡೆ ಎಂದು ಭಾವಿಸುವವರಿದ್ದಾರೆ, ನಾವು ಒಪ್ಪುವುದಿಲ್ಲ. ಏನು ಆಮದು ಎಂದು ಹೆಸರಿಸಿದಾಗ ಉಳಿದದ್ದು ಇಲ್ಲಿಯದು ಎಂಬ ಮಾತಿಗೆ ತೂಕ ಬರುತ್ತದೆ, ಕೊಳ್ಳುವವರಿಗೂ ಹೋಲಿಸಿ ನೋಡಲು ಏನಾದರೂ ಸಿಗುತ್ತದೆ. ಆದರೆ ಬರೆಯುವ ರೀತಿ ಮುಖ್ಯ. ‘ದೇಶೀಯ ಹಾಗೂ ಆಮದು ಸಾಮಗ್ರಿಗಳಿಂದ ತಯಾರಿತ’ ಎಂದರೆ ಆಮದು ಶೇ. 5 ಇರಬಹುದು, ಶೇ. 95 ಕೂಡ ಇರಬಹುದು. ‘ಇಲ್ಲಿ ತಯಾರಿಸಿದ್ದು. ಸ್ವಿಚ್ಚು, ಮೋಟಾರಿನ ಬೇರಿಂಗ್, ಕೋರ್ ಪಟ್ಟಿ ಮತ್ತು ತಾಮ್ರದ ತಂತಿ ಆಮದು’ ಎಂದರೆ ತೆರೆದಿಟ್ಟಂತೆ. ಬಟ್ಟೆಗಾದರೆ ‘ನೂಲು ಆಮದು, ನೇಯ್ಗೆ ಮತ್ತು ಹೊಲಿಗೆ ಇಲ್ಲಿ’ ಎಂಬಷ್ಟು ಸಾಕು. ವಿವರಣೆ ಮುಖ್ಯ ಮಾತಿನ ಪಕ್ಕದಲ್ಲೇ, ಅದೇ ಬಣ್ಣದಲ್ಲಿ, ಓದಬಹುದಾದ ಅಕ್ಷರದಲ್ಲಿ ಇರಲಿ. ಮುಂದಿನ ಮುಖದಲ್ಲಿ ದಪ್ಪಕ್ಷರದ ಘೋಷಣೆ, ತಳದಲ್ಲಿ ಇರುವೆ ಸಾಲಿನಂಥ ವಿವರಣೆ ಇದ್ದರೆ ಕಾನೂನು ಓದುವುದು ಘೋಷಣೆಯನ್ನೇ.

ಶೇಕಡಾ ಹಾಕಬೇಕೆಂದಿದ್ದರೆ ಅಂತರ ಉಳಿಸಿಕೊಳ್ಳಿ. ಲೆಕ್ಕ 71 ಬಂದರೆ ‘ಶೇ. 65ಕ್ಕಿಂತ ಹೆಚ್ಚು’ ಎನ್ನಿ, ಯಾವುದರ ಶೇಕಡಾ ಎಂದೂ ಹೇಳಿ. ವೆಚ್ಚವೋ, ತೂಕವೋ, ಬಿಡಿಭಾಗಗಳ ಎಣಿಕೆಯೋ? ನೂರು ಭಾಗದಲ್ಲಿ ತೊಂಬತ್ತು ಸ್ಕ್ರೂ ಇಲ್ಲಿಯವಾದರೆ ಎಣಿಕೆಯಲ್ಲಿ ಶೇ. 90 ಬರುತ್ತದೆ, ಅದು ಯಾರಿಗೂ ಏನೂ ತಿಳಿಸುವುದಿಲ್ಲ.

‘ಇಲ್ಲಿ ಜೋಡಿಸಿದ್ದು’ ಎಂಬುದಕ್ಕೂ ಅರ್ಹತೆ ಬೇಕು. ಪೂರ್ತಿ ಸಿದ್ಧವಾಗಿ ಬಂದ ನಾಲ್ಕು ತುಂಡುಗಳನ್ನು ಸ್ಕ್ರೂಡ್ರೈವರ್‌ನಿಂದ ಬಿಗಿದರೆ ಅಮೆರಿಕದಲ್ಲಿ ಅದನ್ನು ಜೋಡಣೆ ಎಂದು ಒಪ್ಪುವುದಿಲ್ಲ. ಬೆಸುಗೆ, ವೈರಿಂಗ್, ಹೊಂದಾಣಿಕೆ, ಪರೀಕ್ಷೆ ಇವೆಲ್ಲ ಇಲ್ಲಿ ಆಗುತ್ತಿದ್ದರೆ ಮಾತ್ರ ಈ ಮಾತು ಹಾಕಿ. ಇಲ್ಲವಾದರೆ ‘ಪ್ಯಾಕ್ ಮಾಡಿದ್ದು’ ಎನ್ನುವುದೇ ನ್ಯಾಯ, ಜೊತೆಗೆ ಮೂಲ ದೇಶದ ಹೆಸರು. ‘ವಿನ್ಯಾಸ ಇಲ್ಲಿಯದು’ ಎಂಬುದು ಒಂಟಿಯಾಗಿ ನಿಲ್ಲಬಾರದು. ತಯಾರಾದ ದೇಶವನ್ನು ಅದರ ಪಕ್ಕದಲ್ಲೇ ಹೇಳದಿದ್ದರೆ ಓದುವವರು ತಯಾರಿಕೆಯೂ ಇಲ್ಲೇ ಎಂದುಕೊಳ್ಳುತ್ತಾರೆ.

ಭೌಗೋಳಿಕ ಸೂಚಿ, ಅಂದರೆ ಜಿಐ, ಬೇರೆಯೇ ದಾರಿ. ಭಾರತದಲ್ಲಿ ಆ ಕಾಯ್ದೆ 1999ರದು, ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ಕ್ಕೆ. ಅದು ಒಂದು ಪ್ರದೇಶಕ್ಕೆ ಅಂಟಿದ ಗುಣ ಅಥವಾ ಹೆಸರನ್ನು ಕಾಯುತ್ತದೆ. ಆ ಹೆಸರು ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು, ಕಾರ್ಖಾನೆ ಅದೇ ಜಿಲ್ಲೆಯಲ್ಲಿದೆ ಎಂದರೆ ಸಾಲದು. ಆಸ್ಟ್ರೇಲಿಯಾದ 1986ರ ಹಸಿರು-ಚಿನ್ನ ಬಣ್ಣದ ಕಾಂಗರೂ ಲಾಂಛನದಂಥವಕ್ಕೂ ಪರವಾನಗಿ ಪಡೆಯಬೇಕು.

ಅಂದಹಾಗೆ ‘ಮೇಡ್ ಇನ್’ ಎಂಬ ಮುದ್ರೆ ಪ್ರಸಿದ್ಧವಾದದ್ದು ಹೊಗಳಿಕೆಯಾಗಿ ಅಲ್ಲ. 1887ರ ಬ್ರಿಟಿಷ್ ಕಾನೂನೊಂದು ಜರ್ಮನಿಯ ಸರಕನ್ನು ಗ್ರಾಹಕರು ಗುರುತಿಸಿ ದೂರವಿಡಲಿ ಎಂಬ ಆಸೆಯಿಂದ ಮೂಲ ದೇಶ ಬರೆಯಿಸಿತು. ಸರಕು ಚೆನ್ನಾಗಿದ್ದುದರಿಂದ ಕಾಲಕ್ರಮೇಣ ಆ ಮುದ್ರೆಯನ್ನೇ ಜನ ಹುಡುಕಿ ಕೊಳ್ಳುವಂತಾಯಿತು.

ಲೇಬಲ್ ಸರಿಯಿದ್ದೂ ಎಡವುವ ಜಾಗಗಳು

ಬರೆಯದೆಯೂ ಹೇಳಬಹುದು. ಧ್ವಜ, ದೇಶದ ನಕಾಶೆ, ಪ್ರಸಿದ್ಧ ಕಟ್ಟಡದ ಚಿತ್ರ ಇವೆಲ್ಲವೂ ಮೂಲದ ಬಗ್ಗೆ ಮಾತಾಡುತ್ತವೆ. ಆಮದು ಸರಕಿನ ಪೆಟ್ಟಿಗೆಯ ಮೇಲೆ ಧ್ವಜದ ಬಣ್ಣದ ಪಟ್ಟಿ ಹಾಕಿ, ಹಿಂದೆ ಸಣ್ಣದಾಗಿ ಹೊರದೇಶದ ಹೆಸರು ಬರೆದರೆ ರಕ್ಷಣೆ ಸಿಗುವುದಿಲ್ಲ.

‘ನಮ್ಮ ಎಲ್ಲ ಸರಕೂ ಇಲ್ಲೇ ತಯಾರು’ ಎಂಬ ಸಾರಾಸಗಟು ಮಾತು ಇನ್ನೂ ಅಪಾಯ. ನಲವತ್ತು ಮಾಡೆಲ್‌ಗಳಲ್ಲಿ ಎರಡು ಆಮದಾದರೂ ಸುಳ್ಳಾಗುತ್ತದೆ. ಮಾಡೆಲ್‌ವಾರು ಹೇಳಿ. ವೆಬ್‌ಸೈಟಿನ ಪುಟ, ಇ-ಕಾಮರ್ಸ್ ತಾಣದಲ್ಲಿ ತುಂಬಿದ ಮೂಲ ದೇಶದ ಖಾನೆ, ಕೈಪಿಡಿ, ಪೆಟ್ಟಿಗೆ ಈ ನಾಲ್ಕೂ ಒಂದೇ ಮಾತು ಹೇಳುತ್ತಿವೆಯೇ ಎಂದು ಮೂರು ತಿಂಗಳಿಗೊಮ್ಮೆ ಯಾರಾದರೂ ಕೂತು ನೋಡಬೇಕು. ಅಮೆರಿಕದ ವಿಲಿಯಮ್ಸ್-ಸೊನೊಮಾ ಕಂಪನಿ ಈ ವಿಷಯದಲ್ಲಿ 2020ರಲ್ಲೇ ಫೆಡರಲ್ ಟ್ರೇಡ್ ಕಮಿಷನ್ನಿನ ಆದೇಶಕ್ಕೆ ಒಳಪಟ್ಟಿತ್ತು. ಆಮೇಲೂ ಚೀನಾದಲ್ಲಿ ತಯಾರಾದ ಸರಕು ಅಮೆರಿಕದ್ದೆಂದು ಪಟ್ಟಿಯಾಗಿದ್ದಕ್ಕೆ 2024ರಲ್ಲಿ 31 ಲಕ್ಷ ಡಾಲರಿಗೂ ಹೆಚ್ಚು ದಂಡ ತೆರಲು ಒಪ್ಪಿತು.

ಕಡತದಲ್ಲಿ ಏನಿರಬೇಕು

ಪ್ರತಿ ಮಾಡೆಲ್ಲಿಗೆ ಒಂದು ಕಡತ. ಅದರಲ್ಲಿ ಬಿಡಿಭಾಗಗಳ ಪೂರ್ತಿ ಪಟ್ಟಿ ಇರಲಿ, ಪ್ರತಿ ಸಾಲಿನಲ್ಲೂ ಸಪ್ಲೈಯರ್, ಬೆಲೆ, ತಯಾರಾದ ದೇಶ, ಅದು ಹೇಗೆ ತಿಳಿಯಿತು ಎಂಬ ನಾಲ್ಕು ಖಾನೆ. ವೆಚ್ಚದ ಹಾಳೆಗೆ ದಿನಾಂಕ ಮತ್ತು ಆ ದಿನದ ವಿನಿಮಯ ದರ ಹಾಕಿ. ಯಾವ ಕೆಲಸ ಯಾವ ಕಾರ್ಖಾನೆಯಲ್ಲಿ ಆಗುತ್ತದೆ ಎಂಬ ಒಂದು ಪುಟದ ಟಿಪ್ಪಣಿ, ಮುದ್ರಣಕ್ಕೆ ಹೋದ ಲೇಬಲ್ಲಿನ ಪ್ರತಿ, ಅದು ಯಾವ ಬ್ಯಾಚಿನಿಂದ ಬಳಕೆಗೆ ಬಂತು ಎಂಬ ದಾಖಲೆ ಜೊತೆಗಿರಲಿ.

ಸಪ್ಲೈಯರ್‌ಗೆ ‘ನಿಮ್ಮದು ದೇಶೀಯ ತಾನೆ?’ ಎಂದು ಕೇಳಿದರೆ ‘ಹೌದು ಸಾರ್’ ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. ಕೇಳಬೇಕಾದದ್ದು ಹೀಗೆ: ಈ ಭಾಗವನ್ನು ಯಾವ ವಿಳಾಸದ ಕಾರ್ಖಾನೆಯಲ್ಲಿ ತಯಾರಿಸುತ್ತೀರಿ? ಅದಕ್ಕೆ ಬಳಸುವ ಯಾವ ಸಾಮಗ್ರಿ ಆಮದು? ನಿಮ್ಮ ಮಾರಾಟ ಬೆಲೆಯಲ್ಲಿ ಆಮದಿನ ಪಾಲು ಶೇಕಡಾ ಎಷ್ಟು? ಬದಲಾದರೆ ಎಷ್ಟು ದಿನ ಮೊದಲು ತಿಳಿಸುತ್ತೀರಿ? ಉತ್ತರ ಲಿಖಿತವಾಗಿ, ಸಹಿ-ಮೊಹರಿನೊಂದಿಗೆ, ವರ್ಷಕ್ಕೊಮ್ಮೆ ಬರಲಿ. ನಿಖರ ಬೆಲೆ ಬಿಟ್ಟುಕೊಡಲು ಹಿಂಜರಿದರೆ ‘ಶೇ. 40ರಿಂದ 50ರೊಳಗೆ’ ಎಂಬ ವ್ಯಾಪ್ತಿ ತೆಗೆದುಕೊಂಡು, ನಿಮ್ಮ ಲೆಕ್ಕಕ್ಕೆ ಮೇಲಿನ ಅಂಚನ್ನೇ ಬಳಸಿ. ಉತ್ತರವೇ ಬಾರದಿದ್ದರೆ ಆ ಭಾಗವನ್ನು ಪೂರ್ತಿ ಆಮದು ಎಂದು ಹಿಡಿಯಿರಿ.

ಸಪ್ಲೈಯರ್ ಬದಲಾಗುವ ತಿಂಗಳು ಎಲ್ಲಕ್ಕಿಂತ ನಾಜೂಕು. ದೇಶೀಯ ಬೇರಿಂಗ್ ಸಿಗದೆ ಆಮದಿನದು ಹಾಕಲು ಖರೀದಿ ವಿಭಾಗ ಒಪ್ಪಿಕೊಳ್ಳುತ್ತದೆ, ಲೇಬಲ್ ಮುದ್ರಿಸುವವರಿಗೆ ಸುದ್ದಿ ಮುಟ್ಟುವುದಿಲ್ಲ, ಗೋದಾಮಿನಲ್ಲಿ ಹಳೆಯ ಪೆಟ್ಟಿಗೆ ಹತ್ತು ಸಾವಿರ ಉಳಿದಿರುತ್ತದೆ. ಹಾಗಾಗಿ ಬಿಡಿಭಾಗದ ಬದಲಾವಣೆಗೆ ಸಹಿ ಹಾಕುವ ಫಾರಂನಲ್ಲೇ ‘ಮೂಲದ ಮಾತು ಬದಲಾಗುತ್ತದೆಯೇ?’ ಎಂಬ ಒಂದು ಸಾಲು ಸೇರಿಸಿ. ಬದಲಾಗುವುದಾದರೆ ಹಳೆಯ ಪೆಟ್ಟಿಗೆಯ ಮಾತಿನ ಮೇಲೆ ಕಿತ್ತುಬಾರದ ಸ್ಟಿಕರ್ ಹಚ್ಚಿ, ಯಾವ ಬ್ಯಾಚ್ ನಂಬರಿನಿಂದ ಹಚ್ಚಲು ಶುರುವಾಯಿತು ಎಂದು ಕಡತದಲ್ಲಿ ಬರೆದಿಡಿ. ವೆಬ್‌ಸೈಟಿನ ಸಾಲನ್ನು ಆ ಬ್ಯಾಚಿನ ಮೊದಲ ಲಾರಿ ಗೇಟು ದಾಟುವ ಮುನ್ನವೇ ತಿದ್ದಿಸಿ.